ಕಿವಿಗೆ ನೀರು ಹೋದರೆ ಕಡ್ಡಿ ಹಾಕಬೇಡಿ



ಕಣ್ಣಿಗೆ ರೆಪ್ಪೆ ಇದೆ, ಬಾಯಿಗೆ ತುಟಿ ಇದೆ. ಕಿವಿಗೆ ಮಾತ್ರ ಬಾಗಿಲಿಲ್ಲ. ಬಾವಿಯಲ್ಲಿ ಮುಳುಗಿದಾಗ, ತಲೆಗೆ ನೀರು ಹುಯ್ದುಕೊಂಡಾಗ ಒಳಗೆ ನೀರು ಹೋಗೋದು ಸಹಜ. ಆಗ ನಾವು ಏನು ಮಾಡ್ತೀವಿ? ಬೆಂಕಿಕಡ್ಡಿ, ಹೇರ್‌ಪಿನ್, ಕೋಳಿಪುಕ್ಕ, ಕೈಗೆ ಸಿಕ್ಕಿದ್ದನ್ನೆಲ್ಲ ತುರುಕ್ತೀವಿ. ನನ್ನ ಅಭಿಪ್ರಾಯ ಇಷ್ಟೇ: ಹೋದ ನೀರಿಗಿಂತ ಹಾಕುವ ಕಡ್ಡಿಯೇ ದೊಡ್ಡ ಅಪಾಯ.

ದೊಡ್ಡವರ ಕಿವಿನಾಳ ಸುಮಾರು 2.5 ಸೆಂ.ಮೀ. ಉದ್ದ, ನಮ್ಮದು ಇನ್ನೂ ಚಿಕ್ಕದು. ಅದು ನೇರವಾಗಿಲ್ಲ, ಸ್ವಲ್ಪ ಸೊಟ್ಟ. ಅದರ ಕೊನೆಯಲ್ಲಿ ತೆಳ್ಳನೆಯ ತಮಟೆ ಇದೆ. ಕಡ್ಡಿ ಹಾಕಿದರೆ ಗುಗ್ಗೆ ಇನ್ನೂ ಒಳಕ್ಕೆ ಹೋಗಿ ನೀರನ್ನು ಹಿಡಿದಿಡುತ್ತೆ. ಚರ್ಮ ಗೀರಿ ಕೀವಾಗಬಹುದು, ತಮಟೆ ತೂತಾಗಬಹುದು. ಅಂಗಡಿಯ ಇಯರ್ ಬಡ್ಸ್ ಕೂಡ ಬೇಡ. ಕಾಯಿಸಿದ ಎಣ್ಣೆ ಅಂತೂ ಬೇಡವೇ ಬೇಡ, ಅದು ಸುಡುತ್ತೆ.

ಸರಿಯಾದ ದಾರಿ ಬಹಳ ಸುಲಭ. ನೀರು ಹೋದ ಕಿವಿಯನ್ನು ನೆಲದ ಕಡೆ ಬಾಗಿಸಿ, ಕಿವಿಯನ್ನು ಮೆಲ್ಲಗೆ ಹಿಂದಕ್ಕೆ, ಮೇಲಕ್ಕೆ ಎಳೆಯಿರಿ. ಅಂಗೈ ಬಟ್ಟಲು ಮಾಡಿ ಕಿವಿಗೆ ಒತ್ತಿ, ಮೆಲ್ಲಗೆ ಬಿಡಿ. ಆಕಳಿಸಿ, ಏನಾದರೂ ಅಗಿಯಿರಿ. ಟವೆಲ್ ಮೇಲೆ ಆ ಮಗ್ಗುಲಾಗಿ ಸ್ವಲ್ಪ ಹೊತ್ತು ಮಲಗಿ. ಸಾಮಾನ್ಯವಾಗಿ ಅದೇ ಹೊರಗೆ ಬರುತ್ತೆ. ಹೊರಗಿವಿಯನ್ನಷ್ಟೇ ಬಟ್ಟೆಯಿಂದ ಒರೆಸಿ.

ಒಂದೆರಡು ದಿನವಾದರೂ ಹೋಗದಿದ್ದರೆ, ನೋವು ಬಂದರೆ, ಸೋರಿದರೆ, ಸರಿಯಾಗಿ ಕೇಳಿಸದಿದ್ದರೆ ಡಾಕ್ಟರ ಹತ್ತಿರ ಹೋಗಲೇಬೇಕು. ಮೊದಲೇ ಕಿವಿ ಸೋರುವವರು ನೀರಿಗೆ ಇಳಿಯಲೇಬಾರದು, ಯಾವ ಹನಿಯನ್ನೂ ತಾವೇ ಹಾಕಿಕೊಳ್ಳಬಾರದು.

ಇನ್ನೊಂದು ಮಾತು. ಹೆಬ್ಬಾಳ-ನಾಗವಾರ ಕಣಿವೆ ಯೋಜನೆಯಲ್ಲಿ ಬೆಂಗಳೂರಿನ ಕೊಳಚೆ ನೀರನ್ನು ಎರಡು ಹಂತ ಶುದ್ಧಿ ಮಾಡಿ ನಮ್ಮ ಚಿಕ್ಕಬಳ್ಳಾಪುರ ಜಿಲ್ಲೆಯ ಕೆರೆಗಳಿಗೆ ಬಿಡ್ತಾರೆ. ಅದು ಅಂತರ್ಜಲ ಹೆಚ್ಚಲಿ ಅಂತ, ನಾವು ಈಜಲಿ ಅಂತ ಅಲ್ಲ. ಪ್ಲಾಸ್ಟಿಕ್ ಹಾಸಿದ ಕೃಷಿಹೊಂಡದಲ್ಲಿ ಕಾಲು ಜಾರಿದರೆ ಹತ್ತೋಕೆ ಆಗಲ್ಲ. ಅಲ್ಲಿ ಹೋಗೋದು ಕಿವಿಯಲ್ಲ, ಪ್ರಾಣ.

ಹುಡುಗರು ಕಿವಿನೋವನ್ನು ಯಾಕೆ ಮುಚ್ಚಿಡ್ತಾರೆ? "ಯಾಕೋ ಬಾವಿಗೆ ಹೋಗಿದ್ದೆ?" ಅಂತ ಏಟು ಬೀಳುತ್ತೆ ಅಂತ. ಗುರುಗಳಲ್ಲಿ, ಅಪ್ಪ ಅಮ್ಮಂದಿರಲ್ಲಿ ನನ್ನ ವಿನಂತಿ: ಮೊದಲು ಕಿವಿ ನೋಡಿ, ಬೈಯೋದು ಆಮೇಲೆ ಇದ್ದೇ ಇದೆ. ಪಾಠದಲ್ಲಿ ಉತ್ತರ ಕೊಡದವನು ದಡ್ಡನೇ ಆಗಿರಬೇಕಿಲ್ಲ, ಅವನಿಗೆ ಕೇಳಿಸದೇ ಇರಬಹುದು. ಅಂಥವನನ್ನು ಮುಂದಿನ ಸಾಲಿನಲ್ಲಿ ಕೂರಿಸಿ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಕಿವಿಯ ತೊಂದರೆಯನ್ನೂ ನೋಡ್ತಾರೆ. ತಂಡ ಶಾಲೆಗೆ ಬಂದಾಗ ನಾವೂ ನಾಚಿಕೆ ಬಿಟ್ಟು ಹೇಳೋಣ.

ಪಾಠ ಕೇಳೋದೂ ಕಿವಿಯಿಂದಲೇ, ಹಿಂದಿನಿಂದ ಬರುವ ಬಸ್ಸಿನ ಹಾರನ್ ಕೇಳೋದೂ ಕಿವಿಯಿಂದಲೇ. ಅದಕ್ಕೆ ಕಡ್ಡಿ ಯಾಕೆ ಬೇಕು?