ಮೂರು ದಿನ ಬಾರದ ಹುಡುಗಿ

ಸಹೋದರಿ, ನಿಮ್ಮ ಓಣಿಯ ಹುಡುಗಿ ಮೂರು ದಿನ ಶಾಲೆಗೆ ಹೋಗದಿದ್ದರೆ ಯಾರು ವಿಚಾರಿಸುತ್ತಾರೆ? ತಿಕೋಟಾ, ಬಬಲೇಶ್ವರದ ಕಡೆ ತಂದೆ ತಾಯಿ ಗೋವಾಕ್ಕೋ ಮಹಾರಾಷ್ಟ್ರಕ್ಕೋ ದುಡಿಯಲು ಹೋದರೆ ಮನೆಯ ಹೊಣೆ ದೊಡ್ಡ ಮಗಳ ಹೆಗಲಿಗೆ ಬೀಳುತ್ತದೆ. ಮೊದಲು ಹಾಜರಿ ತಪ್ಪುತ್ತದೆ, ಹಿಂದೆಯೇ ಸಂಬಂಧದ ಮಾತು ಬರುತ್ತದೆ.

ವಿಜಯಪುರ, ಬಾಗಲಕೋಟೆ ಜಿಲ್ಲೆಗಳಲ್ಲಿ 2014ರಿಂದ 2017ರವರೆಗೆ 'ಸಮತಾ' ಎಂಬ ಪ್ರಯತ್ನ ನಡೆಯಿತು. ಪರಿಶಿಷ್ಟ ಜಾತಿ, ಪಂಗಡದ ಹುಡುಗಿಯರು ಹೈಸ್ಕೂಲು ಮುಗಿಸಲಿ, ಬೇಗ ಮದುವೆಯಾಗದಿರಲಿ ಎಂಬುದು ಉದ್ದೇಶ. ಕಾರ್ಯಕ್ರಮವಿದ್ದ ಹಳ್ಳಿಗೂ ಇಲ್ಲದ ಹಳ್ಳಿಗೂ ಒಟ್ಟಾರೆ ಅಂತಹ ವ್ಯತ್ಯಾಸ ಕಾಣಲಿಲ್ಲ. ಇದನ್ನು ಮುಚ್ಚಿಡಬೇಕಿಲ್ಲ, ಸಭೆ, ತರಬೇತಿಗಳಿಂದಲೇ ಎಲ್ಲವೂ ಆಗದು.

ಹವಾಯಿಯ ಕವಾಯ್ ದ್ವೀಪದಲ್ಲಿ 1955ರಲ್ಲಿ ಹುಟ್ಟಿದ ಮಕ್ಕಳನ್ನು ಎಮ್ಮಿ ವರ್ನರ್ ಮತ್ತು ಸಂಗಡಿಗರು ದಶಕಗಳ ಕಾಲ ಗಮನಿಸಿದರು. ತೀರಾ ಕಷ್ಟದಲ್ಲಿ ಬೆಳೆದವರಲ್ಲೂ ಸುಮಾರು ಮೂರನೇ ಒಂದು ಭಾಗ ಗಟ್ಟಿಯಾಗಿ ನಿಂತರು. ಅವರಿಗೆ ನೆಚ್ಚಿಕೊಳ್ಳಲು ಒಬ್ಬ ಹಿರಿಯರಿದ್ದರು: ಅಜ್ಜಿ, ನೆರೆಯವರು, ಎಷ್ಟೋ ಸಲ ಒಬ್ಬ ಶಿಕ್ಷಕಿ.

ಶಾಲಾಭಿವೃದ್ಧಿ ಸಮಿತಿಯ ಸಭೆಯಲ್ಲಿ ಗೋಡೆಗೆ ಬಣ್ಣದ ಚರ್ಚೆಯೇ ಹೆಚ್ಚು. ನೀವು ಎದ್ದು ಕೇಳಿ: ಬಾರದ ಹುಡುಗಿಯ ಮನೆಗೆ ಯಾವ ಟೀಚರ್ ಹೋಗುತ್ತಾರೆ? ಬಂದಾಗ ಬೈಗುಳವೋ, ಬಿಟ್ಟ ಪಾಠವೋ? ಹದಿನೆಂಟು ತುಂಬದವಳ ಮದುವೆಯ ಸುದ್ದಿ ಬಂದರೆ 1098ಕ್ಕೆ ಕರೆ ಮಾಡಿ.