ಇಲಿಯ ಸಾಕ್ಷ್ಯ

ಇತಿಹಾಸ, ಅರ್ಥಶಾಸ್ತ್ರ ಓದುವವನಿಗೆ ಇಲಿಯ ಕರುಳಿನ ಗೊಡವೆ ಏಕೆಂದು ಮಿತ್ರರು ನಗಬಹುದು. ಕಾರಣವಿದೆ. ಕಳೆದ ವರ್ಷ ನನ್ನ ದೊಡ್ಡಪ್ಪನವರು ಹೊಟ್ಟೆನೋವಿನಿಂದ ಆಸ್ಪತ್ರೆ ಸೇರಿದರು. ದೊಡ್ಡಕರುಳಿನ ಗೋಡೆಯಲ್ಲಿ ಅಲ್ಲಲ್ಲಿ ಸಣ್ಣ ಚೀಲಗಳಾಗಿ, ಅವುಗಳಲ್ಲೊಂದು ಬಾತಿದೆಯೆಂದು ವೈದ್ಯರು ತಿಳಿಸಿದರು. ಇದಕ್ಕೆ ಡೈವರ್ಟಿಕ್ಯುಲರ್ ಕಾಯಿಲೆಯೆಂದು ಹೆಸರು. ಗುಣವಾದ ಮೇಲೆ ನಾರಿನಂಶವುಳ್ಳ ಆಹಾರ ತಿನ್ನಬೇಕೆಂಬ ಸಲಹೆಯೂ ದೊರೆಯಿತು. ಮನೆಗೆ ಬಂದ ದೊಡ್ಡಪ್ಪ ನನ್ನನ್ನು ಕೇಳಿದರು: “ಅರವತ್ತು ವರ್ಷ ಮುದ್ದೆ, ಸೊಪ್ಪು ಉಂಡವನು ಕಣಪ್ಪ ನಾನು. ನನಗ್ಯಾಕೆ ಬಂತು? ನಮ್ಮ ಮನೇಲಿ ಓದಿದವನು ನೀನೊಬ್ಬನೇ, ಹೇಳು.”

ಮನೆಯಲ್ಲಿ ಕಾಲೇಜು ಕಂಡ ಮೊದಲಿಗನಿಗೆ ಎಲ್ಲವೂ ತಿಳಿದಿರುವುದೆಂದು ಹಿರಿಯರ ನಂಬಿಕೆ. ಉತ್ತರವನ್ನು ಹುಡುಕುತ್ತ ಹೋದ ನಾನು ಇಲಿಗಳ ಬಳಿಗೆ ಬಂದು ಮುಟ್ಟಿದೆನು.

1971ರಲ್ಲಿ ಪೇಂಟರ್ ಮತ್ತು ಬರ್ಕಿಟ್ ಎಂಬ ಶಸ್ತ್ರವೈದ್ಯರು, ಇದು ನಾರಿನ ಕೊರತೆಯಿಂದ ಪಾಶ್ಚಾತ್ಯ ನಾಗರಿಕತೆಗೆ ಅಂಟಿದ ರೋಗವೆಂದು ವಾದಿಸಿದರು. ನಾರು ಕಡಿಮೆಯಾದರೆ ಕರುಳು ಹೆಚ್ಚು ಒತ್ತಡದಿಂದ ಹಿಂಡಬೇಕಾಗುವುದು. ರಕ್ತನಾಳಗಳು ಗೋಡೆಯನ್ನು ತೂರಿಹೋಗುವ ದುರ್ಬಲ ಸ್ಥಳಗಳಲ್ಲಿ ಒಳಪದರವು ಹೊರಕ್ಕೆ ಉಬ್ಬುವುದು. ಮಾತು ಯುಕ್ತವಾಗಿಯೇ ಇದೆ. ಆದರೆ ಪರೀಕ್ಷಿಸುವುದು ಹೇಗೆ? ಮನುಷ್ಯನನ್ನು ಎಳೆತನದಿಂದ ಮುಪ್ಪಿನವರೆಗೆ ಒಂದೇ ಆಹಾರದಲ್ಲಿಟ್ಟು ನೋಡಲಾದೀತೆ? ಇಲಿಯ ಆಯುಸ್ಸಾದರೋ ಎರಡು ಮೂರು ವರ್ಷ. 1985ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ 1,800 ಇಲಿಗಳಿಗೆ ಜೀವಮಾನವಿಡೀ ಬೇರೆ ಬೇರೆ ಪ್ರಮಾಣದ ನಾರಿನ ಆಹಾರವನ್ನು ಕೊಟ್ಟರು. ಅತಿ ಕಡಿಮೆ ನಾರು ತಿಂದವುಗಳಲ್ಲಿ ಶೇಕಡ 45ಕ್ಕೆ ರೋಗ ಬಂದಿತು. ಅತಿ ಹೆಚ್ಚು ತಿಂದವುಗಳಲ್ಲಿ ಶೇಕಡ 9ಕ್ಕೆ ಮಾತ್ರ.

ಮೊಕದ್ದಮೆ ಇಲ್ಲಿಗೆ ತೀರಿತೆ? ಇಲ್ಲ. 2012ರಲ್ಲಿ ಅಮೆರಿಕದಲ್ಲಿ ಕೊಲೊನೋಸ್ಕೋಪಿ ಮಾಡಿಸಿಕೊಂಡ 2,104 ಮಂದಿಯ ವಿವರಗಳು ಪ್ರಕಟವಾದಾಗ, ಹೆಚ್ಚು ನಾರು ತಿನ್ನುವವರಲ್ಲಿ ಚೀಲಗಳು ಕಡಿಮೆಯಿರುವುದಿರಲಿ, ಹೆಚ್ಚೇ ಕಂಡುಬಂದವು. ಆದರೆ ಅದರ ಹಿಂದಿನ ವರ್ಷ ಬ್ರಿಟನ್ನಿನ 47,033 ಮಂದಿಯ ಅಧ್ಯಯನದಲ್ಲಿ, ಹೆಚ್ಚು ನಾರು ತಿನ್ನುವವರು ಈ ಕಾಯಿಲೆಯಿಂದ ಆಸ್ಪತ್ರೆ ಸೇರುವ ಸಂಭವ ಕಡಿಮೆಯೆಂದು ತೋರಿತ್ತು. ಚೀಲ ಮೂಡುವುದು ಬೇರೆ, ಅದು ಬಾಧಿಸುವುದು ಬೇರೆ ಎಂಬುದನ್ನು ಮನುಷ್ಯರಿಂದಲೇ ಕಲಿಯಬೇಕಾಯಿತು. ಅಲ್ಲದೆ ನಮ್ಮ ದೊಡ್ಡಕರುಳಿನ ಉದ್ದನೆಯ ಸ್ನಾಯು ಮೂರು ಪಟ್ಟಿಗಳಾಗಿ ಸಾಗುವುದು. ಇಲಿಗೆ ಆ ಪಟ್ಟಿಗಳಿಲ್ಲ. ಅದು ತನ್ನ ಹಿಕ್ಕೆಯನ್ನೂ ತಿನ್ನುವ ಪ್ರಾಣಿ. ಅದರ ಹೊಟ್ಟೆಯ ಮಾತನ್ನು ನಮ್ಮ ಹೊಟ್ಟೆಗೆ ಹಾಗೆಯೇ ಹೊಂದಿಸುವುದು ಸಾಧುವಲ್ಲ.

ಹಾಗಾದರೆ ‘ಬೆಕ್ಕಿಗೆ ಆಟ, ಇಲಿಗೆ ಪ್ರಾಣಸಂಕಟ’ ಎಂದು ಇಂಥ ಪ್ರಯೋಗಗಳನ್ನೆಲ್ಲ ತಳ್ಳಿಹಾಕೋಣವೆ? ಕೆಲವು ಗೆಳೆಯರು ಹೌದೆನ್ನುವರು. ನಾನು ಒಪ್ಪಲಾರೆ. ಒಂದೇ ತಳಿ, ಒಂದೇ ಬಗೆಯ ಪಂಜರ, ಬೇರೆಯಾಗಿರುವುದು ತುತ್ತು ಮಾತ್ರ: ಇಷ್ಟು ಶುದ್ಧವಾದ ಹೋಲಿಕೆ ಮನುಷ್ಯರಲ್ಲಿ ಸಿಕ್ಕದು. ಆದರೆ ಆ ಸಾಕ್ಷ್ಯವು ‘ಹೀಗಾಗಬಹುದು’ ಎನ್ನುವುದೇ ಹೊರತು ‘ನಿಮಗೂ ಹೀಗೆಯೇ’ ಎನ್ನುವುದಿಲ್ಲ. ಅದನ್ನು ತೀರ್ಪೆಂದು ಸಾರುವವರೊಡನೆ ನನ್ನ ಜಗಳ. 1959ರಲ್ಲಿ ರಸೆಲ್ ಮತ್ತು ಬರ್ಚ್ ಎಂಬವರು ಮೂರು ನಿಯಮಗಳನ್ನು ಸೂಚಿಸಿದರು: ಸಾಧ್ಯವಾದೆಡೆ ಪ್ರಾಣಿಗೆ ಬದಲಿಯನ್ನು ಹುಡುಕು, ಸಂಖ್ಯೆಯನ್ನು ಇಳಿಸು, ನೋವನ್ನು ತಗ್ಗಿಸು. ನಾಲ್ಕನೆಯದೊಂದನ್ನು ಸೇರಿಸಲು ಈ ಕಲಾ ವಿದ್ಯಾರ್ಥಿಗೆ ಅಪ್ಪಣೆಯಾಗಲಿ: ಪ್ರಾಣ ಕೊಟ್ಟು ಪಡೆದ ಉತ್ತರವನ್ನು ಇರುವುದಕ್ಕಿಂತ ದೊಡ್ಡದು ಮಾಡಿ ಹೇಳಬೇಡ.

ರಜೆಯಲ್ಲಿ ದೊಡ್ಡಪ್ಪನವರಿಗೆ ಇದಿಷ್ಟನ್ನೂ ವಿವರಿಸಿದೆನು. ವಯಸ್ಸೂ ವಂಶವೂ ಇದರಲ್ಲಿ ಸೇರಿವೆ, ನಿಮಗೇ ಏಕೆ ಬಂತೆಂದು ಖಚಿತವಾಗಿ ಹೇಳಲಾಗದು, ಆದರೂ ವೈದ್ಯರ ಸಲಹೆ ಸರಿ, ಮುದ್ದೆ ಬಿಡಬೇಡಿ ಎಂದೆನು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಅಷ್ಟೊಂದು ಇಲಿ ಸತ್ತು ಸಿಕ್ಕಿದ್ದು ಅರ್ಧ ಉತ್ತರವೇನಪ್ಪ?” ಎಂದರು. ಹೌದೆಂದೆ. “ಅರ್ಧ ಅಂತ ಹೇಳಿದೆಯಲ್ಲ, ಬಿಡು” ಎಂದು ಊಟಕ್ಕೆ ಎದ್ದರು.