‘ಉರುಫ್’ ಮರೆತ ತಂತ್ರಾಂಶ

ಅಂತರ್ಜಾಲದ ನಕಾಶೆಯಲ್ಲಿ ‘ಬೇಗೂರು’ ಎಂದು ಹುಡುಕಿದವರನ್ನು ಅದು ಸಾಮಾನ್ಯವಾಗಿ ಬೆಂಗಳೂರಿನ ದಕ್ಷಿಣ ಅಂಚಿನ ಬೇಗೂರಿಗೆ ಕರೆದೊಯ್ಯುತ್ತದೆ. ಇದರಲ್ಲಿ ಆಶ್ಚರ್ಯವೇನಿಲ್ಲ. ಬೆಂಗಳೂರು ಎಂಬ ಹೆಸರಿನ ಅತಿ ಹಳೆಯ ಉಲ್ಲೇಖವುಳ್ಳ ಶಾಸನ ದೊರೆತದ್ದು ಆ ಊರಿನಲ್ಲಿ; ಇಂದು ಅಲ್ಲಿ ಬಹುಮಹಡಿ ಕಟ್ಟಡಗಳೂ ಹೆಚ್ಚು, ಹುಡುಕುವವರೂ ಹೆಚ್ಚು. ನಾನು ಹೇಳಹೊರಟಿರುವುದು ಇನ್ನೊಂದು ಬೇಗೂರಿನ ಮಾತು. ನಂಜನಗೂಡು ದಾಟಿ ಗುಂಡ್ಲುಪೇಟೆಗೆ ಸಾಗುವ ಹೆದ್ದಾರಿಯ ಮೇಲಿರುವ, ಚಾಮರಾಜನಗರ ಜಿಲ್ಲೆಯ ಹೋಬಳಿ ಕೇಂದ್ರವಾದ ಬೇಗೂರು ಇದು. ಊಟಿಗೂ ವಯನಾಡಿಗೂ ಹೋಗುವ ಕಾರುಗಳು ಇಲ್ಲಿ ವೇಗ ತಗ್ಗಿಸಿ ಮುಂದೆ ಸಾಗುತ್ತವೆ. ಅರಿಶಿನ, ಸೂರ್ಯಕಾಂತಿ, ಚೆಂಡು ಹೂ ಬೆಳೆಯುವ ಸುತ್ತಲಿನ ರೈತರಿಗೆ ಮಾತ್ರ ಇದು ಸರ್ಕಾರವನ್ನು ಮುಖಾಮುಖಿಯಾಗುವ ಮೊದಲ ತಾಣ.

ಒಂದೇ ಹೆಸರಿನ ಎರಡು ಊರುಗಳನ್ನು ನಕಾಶೆ ಗೊಂದಲ ಮಾಡಿಕೊಂಡರೆ ದೊಡ್ಡ ನಷ್ಟವಿಲ್ಲ. ದಾರಿಯಲ್ಲಿ ಯಾರನ್ನಾದರೂ ಕೇಳಿದರೆ ಸರಿಹೋಗುತ್ತದೆ. ಆದರೆ ಒಬ್ಬನೇ ಮನುಷ್ಯನ ಎರಡು ಹೆಸರುಗಳನ್ನು ಕಂಡು ಸರ್ಕಾರದ ತಂತ್ರಾಂಶ ಇವರು ಇಬ್ಬರು ಮನುಷ್ಯರೆಂದು ತೀರ್ಮಾನಿಸಿದರೆ ಏನು ಗತಿ? ನಮ್ಮ ಹಳ್ಳಿಗಳಲ್ಲಿ ಇಂದು ಕೇಳಬೇಕಾಗಿರುವ ಪ್ರಶ್ನೆ ಇದು. ‘ಡಿಜಿಟಲ್ ಆಡಳಿತ’ ಎಂಬ ದೊಡ್ಡ ಮಾತಿನ ಬೆಲೆಯನ್ನು ಅಳೆಯಲು ಇದಕ್ಕಿಂತ ಸರಳವಾದ ಒರೆಗಲ್ಲು ನನಗೆ ತೋರುತ್ತಿಲ್ಲ.

ಮಲೆ ಮಹದೇಶ್ವರನ ಒಕ್ಕಲು ಹೆಚ್ಚಾಗಿರುವ ಈ ಸೀಮೆಯಲ್ಲಿ ಪ್ರತಿ ಊರಿನಲ್ಲೂ ಹತ್ತಾರು ಮಂದಿ ಮಹದೇವರಿದ್ದಾರೆ. ಅಂಥ ಒಬ್ಬ ರೈತನನ್ನು ಊಹಿಸಿಕೊಳ್ಳೋಣ. ಪಹಣಿಯಲ್ಲಿ ಆತ ‘ಮಾದಪ್ಪ’. ಶಾಲೆಯ ದಾಖಲೆಯಲ್ಲಿ ಮೇಷ್ಟರು ತಿದ್ದಿ ಬರೆದ ‘ಮಹದೇವಪ್ಪ’. ಪಡಿತರ ಚೀಟಿಯಲ್ಲಿ ‘ಮಹದೇವ’. ಆಧಾರ್ ನೋಂದಣಿಯ ದಿನ ಗಣಕಯಂತ್ರದ ಮುಂದೆ ಕುಳಿತಿದ್ದ ಹುಡುಗ ಇಂಗ್ಲಿಷಿನಲ್ಲಿ ಟೈಪಿಸಿದ್ದು ಬೇರೊಂದು. ಇಂಗ್ಲಿಷಿನಲ್ಲಿ ಬರೆಯುವಾಗ ಈ ಹೆಸರಿನ ಕೊನೆಯ ‘ಎ’ ಅಕ್ಷರ ಇರಬಹುದು, ಬಿಟ್ಟುಹೋಗಬಹುದು, ಅದರ ಜಾಗದಲ್ಲಿ ‘ಯು’ ಬರಬಹುದು. ನಡುವಿನ ‘ಎಚ್’ ಮಾಯವಾಗಬಹುದು. ಬ್ಯಾಂಕಿನವರು ತಮಗೆ ತೋಚಿದಂತೆ ಇನ್ನೊಂದು ರೂಪ ಕೊಟ್ಟಿರುತ್ತಾರೆ. ಇವುಗಳಲ್ಲಿ ಒಂದೂ ಸುಳ್ಳು ಹೆಸರಲ್ಲ.

ಇದರ ಮೇಲೆ ಹಳೆ ಮೈಸೂರಿನ ಹೆಸರಿಡುವ ಪದ್ಧತಿ ಬೇರೆ. ನಮ್ಮಲ್ಲಿ ಬಹುಪಾಲು ಜನರಿಗೆ ಅಡ್ಡಹೆಸರಿಲ್ಲ. ಊರಿನ ಹೆಸರಿನ ಮೊದಲಕ್ಷರ, ತಂದೆಯ ಹೆಸರಿನ ಮೊದಲಕ್ಷರ, ಆಮೇಲೆ ಸ್ವಂತ ಹೆಸರು: ಇಷ್ಟೇ ನಮ್ಮ ಕ್ರಮ. ‘ಮೊದಲ ಹೆಸರು’, ‘ಕೊನೆಯ ಹೆಸರು’ ಎಂಬ ಎರಡು ಪೆಟ್ಟಿಗೆಗಳನ್ನು ತೆರೆದಿಟ್ಟು, ಎರಡನ್ನೂ ತುಂಬದೆ ಮುಂದೆ ಹೋಗಕೂಡದೆನ್ನುವ ತಂತ್ರಾಂಶ ಈ ಕ್ರಮವನ್ನು ಅರಿಯದು. ಹಾಗಾಗಿ ಊರಿನ ಹೆಸರು ಒಂದು ದಾಖಲೆಯಲ್ಲಿ ವಂಶದ ಹೆಸರಾಗುತ್ತದೆ. ಇನ್ನೊಂದರಲ್ಲಿ ತಂದೆಯೇ ಮಗನ ಹೆಸರಿನ ಬಾಲವಾಗುತ್ತಾನೆ. ನನ್ನ ಹೆಸರೂ ನನ್ನ ಬಳಿಯಿರುವ ದಾಖಲೆಗಳಲ್ಲಿ ಮೂರು ಬಗೆಯಾಗಿದೆ. ಓದುಬರಹ ಬಲ್ಲ, ಅರ್ಜಿ ಬರೆಯಬಲ್ಲ ನನಗೆ ಅದು ಕಿರಿಕಿರಿ ಮಾತ್ರ. ಎರಡು ಎಕರೆ ಖುಷ್ಕಿ ಜಮೀನನ್ನೇ ನಂಬಿದವನಿಗೆ ಅದು ಕಿರಿಕಿರಿಯಲ್ಲ, ನಷ್ಟ.

ಏಕೆಂದರೆ ಸರ್ಕಾರದ ನೆರವೆಲ್ಲವೂ ಇಂದು ಹೆಸರುಗಳ ತಾಳೆಯ ಮೇಲೆ ನಿಂತಿದೆ. 2019ರ ಫೆಬ್ರುವರಿಯಲ್ಲಿ ಆರಂಭವಾದ ಪಿಎಂ ಕಿಸಾನ್ ಯೋಜನೆಯಲ್ಲಿ ರೈತ ಕುಟುಂಬಕ್ಕೆ ವರ್ಷಕ್ಕೆ 6,000 ರೂಪಾಯಿ ಮೂರು ಕಂತುಗಳಲ್ಲಿ ಬರುತ್ತದೆ. 2023ರ ಆಗಸ್ಟ್‌ನಲ್ಲಿ ಮೈಸೂರಿನಲ್ಲಿ ಚಾಲನೆಗೊಂಡ ಗೃಹಲಕ್ಷ್ಮಿ ಯೋಜನೆ ಮನೆಯ ಯಜಮಾನಿಗೆ ತಿಂಗಳಿಗೆ 2,000 ರೂಪಾಯಿ ಕೊಡುತ್ತದೆ. ಅದೇ ವರ್ಷ ರಾಜ್ಯದ 223 ತಾಲ್ಲೂಕುಗಳು ಬರಪೀಡಿತವೆಂದು ಘೋಷಣೆಯಾದಾಗ, ಬೆಳೆ ನಷ್ಟದ ಪರಿಹಾರಕ್ಕೆ ‘ಫ್ರೂಟ್ಸ್’ ತಂತ್ರಾಂಶದಲ್ಲಿ ನೋಂದಣಿಯೇ ಆಧಾರವಾಯಿತು. ಈ ತಂತ್ರಾಂಶ ರೈತನನ್ನು ಅವನ ಆಧಾರ್‌ಗೂ ಜಮೀನಿಗೂ ಜೋಡಿಸುತ್ತದೆ. ಪಹಣಿ, ಆಧಾರ್, ಬ್ಯಾಂಕ್ ಖಾತೆ ಮೂರೂ ಒಬ್ಬನನ್ನೇ ತೋರಬೇಕು. ತೋರದಿದ್ದಲ್ಲಿ ಹಣ ನಿಲ್ಲುತ್ತದೆ; ನಿಲ್ಲಿಸಿದವರು ಯಾರೆಂದು ಕೇಳಿದರೆ ‘ಸಿಸ್ಟಮ್ ತೆಗೆದುಕೊಳ್ಳುತ್ತಿಲ್ಲ’ ಎಂಬ ಉತ್ತರ ಬರುತ್ತದೆ. ಹಿಂದೆ ಗುಮಾಸ್ತ ಹಣ ತಡೆದರೆ ಅವನ ಮೇಲೆ ದೂರು ಕೊಡಬಹುದಿತ್ತು. ಸಿಸ್ಟಮ್ ವಿರುದ್ಧ ಯಾರಿಗೆ ದೂರು ಕೊಡುವುದು?

ಹಿಂದಿನ ಕಾಲವೇ ಚೆನ್ನಾಗಿತ್ತೆಂದು ನಾನು ವಾದಿಸುತ್ತಿಲ್ಲ. ಶಾನುಭೋಗರ ಕಡತ ಗಂಟಿನೊಳಗಿತ್ತು. ಗಂಟು ಬಿಚ್ಚಲು ಕೈ ಬೆಚ್ಚಗಾಗಬೇಕಿತ್ತು. ಆ ಪರಂಪರಾಗತ ಹುದ್ದೆಗಳು 1960ರ ದಶಕದಲ್ಲಿ ರದ್ದಾದ ಮೇಲೂ ಗ್ರಾಮಲೆಕ್ಕಿಗರ ಕೈಬರಹದ ಪಹಣಿ ಪಡೆಯುವುದು ಸುಲಭವಾಗಲಿಲ್ಲ. ‘ಭೂಮಿ’ ಯೋಜನೆ ಈ ಶತಮಾನದ ಆರಂಭದಲ್ಲಿ ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ದಾಖಲೆಗಳನ್ನು ಗಣಕೀಕರಿಸಿ, 15 ರೂಪಾಯಿಗೆ ಪಹಣಿ ಸಿಗುವಂತೆ ಮಾಡಿದ್ದು ಸಣ್ಣ ಸಾಧನೆಯಲ್ಲ. ಅದು ಕನ್ನಡದಲ್ಲೇ ನಡೆಯಿತೆಂಬುದು ಇನ್ನೂ ಹೆಮ್ಮೆಯ ಸಂಗತಿ.

ಆದರೆ ಆ ಹಳೆಯ ಕಡತಕ್ಕೆ ಗೊತ್ತಿದ್ದ ಒಂದು ಸತ್ಯ ಹೊಸ ತಂತ್ರಾಂಶಕ್ಕೆ ಗೊತ್ತಾಗಲಿಲ್ಲ. ಶಾನುಭೋಗರು ‘ಮಹದೇವಪ್ಪ ಉರುಫ್ ಮಾದಪ್ಪ ಬಿನ್ ಪುಟ್ಟಯ್ಯ’ ಎಂದು ಬರೆಯುತ್ತಿದ್ದರು. ಮನುಷ್ಯನಿಗೆ ಊರು ಕರೆಯುವ ಒಂದು ಹೆಸರೂ ಕಾಗದದ ಇನ್ನೊಂದು ಹೆಸರೂ ಇರುವುದು ಸಹಜವೆಂದು ಒಪ್ಪಿಕೊಂಡ ಪದ ‘ಉರುಫ್’. ಪಾರಸಿ ಆಡಳಿತದ ಕಾಲದಿಂದ ನಮ್ಮ ಕಂದಾಯದ ಕನ್ನಡಕ್ಕೆ ಬಂದ ಈ ಪುಟ್ಟ ಪದ ಅದೆಷ್ಟು ವ್ಯಾಜ್ಯಗಳನ್ನು ಹುಟ್ಟುವ ಮೊದಲೇ ತಡೆದಿದೆಯೋ! ಪಹಣಿಗಳಲ್ಲಿ ಅದು ಇಂದಿಗೂ ಅಲ್ಲಲ್ಲಿ ಉಳಿದಿದೆ. ಆದರೆ ಅಕ್ಷರಕ್ಕೆ ಅಕ್ಷರ ಕೂಡಿಸಿ ನೋಡುವ ತಂತ್ರಾಂಶಕ್ಕೆ ‘ಉರುಫ್’ ಎಂಬುದು ಹೆಸರಿನೊಳಗಿನ ಇನ್ನೊಂದು ಪದ ಮಾತ್ರ. ಆಗ ಗೊಂದಲ ನಿವಾರಿಸಲು ಹುಟ್ಟಿದ ಪದವೇ ಹೊಸ ಗೊಂದಲಕ್ಕೆ ಕಾರಣವಾಗುತ್ತದೆ.

ಸಮಸ್ಯೆಯ ಬೇರು ಇನ್ನೂ ಆಳದಲ್ಲಿದೆ. ಗಣಕದಲ್ಲಿ ಕನ್ನಡದ ಚರಿತ್ರೆ ಬಹುಕಾಲ ಕಾಣುವ ಅಕ್ಷರದ ಚರಿತ್ರೆಯಾಗಿತ್ತು, ಒಳಗಿನ ಸಂಕೇತದ್ದಾಗಿರಲಿಲ್ಲ. 1998ರಲ್ಲಿ ಬಂದ ಶೇಷಾದ್ರಿವಾಸು ಅವರ ‘ಬರಹ’, ಕನ್ನಡ ಗಣಕ ಪರಿಷತ್ತು ರೂಪಿಸಿದ ‘ನುಡಿ’ ಲಕ್ಷಾಂತರ ಮಂದಿಯ ಕೈಗೆ ಕನ್ನಡ ಟೈಪಿಂಗನ್ನು ಕೊಟ್ಟವು. ಆ ಉಪಕಾರವನ್ನು ಮರೆಯಬಾರದು. ಆದರೆ ಆ ಕಾಲದ ಫಾಂಟುಗಳಲ್ಲಿ ತೆರೆಯ ಮೇಲೆ ಕನ್ನಡ ಕಂಡರೂ ಒಳಗೆ ಇಂಗ್ಲಿಷ್ ಅಕ್ಷರಗಳ ಸಂಕೇತಗಳೇ ಇರುತ್ತಿದ್ದವು. ಫಾಂಟು ತೆಗೆದರೆ ಉಳಿಯುತ್ತಿದ್ದುದು ಅರ್ಥವಿಲ್ಲದ ಗೀಚು. ಎಲ್ಲ ಗಣಕಗಳಿಗೂ ಸಮಾನವಾದ ಯೂನಿಕೋಡ್ ಸಂಕೇತದ 1991ರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಸ್ಥಾನವಿತ್ತು. ನಮ್ಮ ರಾಜ್ಯ ಸರ್ಕಾರ ಅದನ್ನು ಆಡಳಿತದ ಶಿಷ್ಟತೆಯೆಂದು ಒಪ್ಪಿಕೊಂಡದ್ದು 2012ರಲ್ಲಿ. ನಡುವಿನ 21 ವರ್ಷಗಳಲ್ಲಿ ಒಂದೊಂದು ಇಲಾಖೆ ತನಗೆ ತೋಚಿದ ಹಾದಿ ಹಿಡಿಯುವುದಕ್ಕೆ ಬೇಕಾದಷ್ಟು ಅವಕಾಶವಿತ್ತು.

ಯೂನಿಕೋಡ್ ಬಂದಾಕ್ಷಣ ಎಲ್ಲವೂ ಸರಿಹೋಗಲಿಲ್ಲ. ‘ಕೊ’ ಎಂಬ ಅಕ್ಷರದ ಒತ್ವವನ್ನು ಯೂನಿಕೋಡಿನಲ್ಲಿ ಒಂದೇ ಸಂಕೇತವಾಗಿಯೂ ಬರೆಯಬಹುದು, ಎತ್ವ ಮತ್ತು ಊತ್ವದ ಚಿಹ್ನೆಗಳ ಎರಡು ಸಂಕೇತಗಳಾಗಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ. ಇವೆರಡನ್ನೂ ಸಮಾನವೆಂದು ಪರಿಗಣಿಸಬೇಕೆಂಬ ನಿಯಮ ಯೂನಿಕೋಡಿನಲ್ಲೇ ಇದೆ. ತಂತ್ರಾಂಶ ಬರೆಯುವವರು ಅದನ್ನು ಪಾಲಿಸದಿದ್ದರೆ ಒಂದೇ ಹೆಸರು ಎರಡಾಗುತ್ತದೆ. ಕನ್ನಡದ ಒಳಗೇ ಇಷ್ಟು ತೊಡಕಿರುವಾಗ, ಒಂದು ಕಡೆ ಕನ್ನಡ ಇನ್ನೊಂದು ಕಡೆ ಇಂಗ್ಲಿಷ್ ಇರುವ ದಾಖಲೆಗಳನ್ನು ತಾಳೆ ನೋಡುವ ಕಷ್ಟವನ್ನು ಹೇಳಬೇಕಾಗಿಲ್ಲ. ದೀರ್ಘ, ಹ್ರಸ್ವ, ಮಹಾಪ್ರಾಣ, ಳಕಾರ, ಣಕಾರಗಳನ್ನು ಇಂಗ್ಲಿಷ್ ಲಿಪಿ ನಿಭಾಯಿಸುವ ಪರಿ ಎಲ್ಲರಿಗೂ ತಿಳಿದದ್ದೇ. ಸರ್ಕಾರವೇ 2014ರ ರಾಜ್ಯೋತ್ಸವದಂದು ಬೆಂಗಳೂರು, ಮೈಸೂರು ಸೇರಿದಂತೆ 12 ನಗರಗಳ ಇಂಗ್ಲಿಷ್ ಕಾಗುಣಿತವನ್ನು ಬದಲಿಸಿತು. ಊರುಗಳ ಕಾಗುಣಿತ ತಿದ್ದುವ ಅಧಿಕಾರ ಸರ್ಕಾರಕ್ಕಿದೆ. ಮಾದಪ್ಪನ ಕಾಗುಣಿತ ತಪ್ಪಿದರೆ ದಂಡ ತೆರಬೇಕಾದವನು ಮಾದಪ್ಪ.

ಆ ದಂಡದ ಲೆಕ್ಕವನ್ನೂ ನೋಡಬೇಕು. ಎರಡೂ ಹೆಸರಿನ ವ್ಯಕ್ತಿ ತಾನೊಬ್ಬನೇ ಎಂದು ಛಾಪಾ ಕಾಗದದ ಮೇಲೆ ಪ್ರಮಾಣಪತ್ರ, ನೋಟರಿಯ ಮೊಹರು, ಟೈಪಿಂಗ್ ಖರ್ಚು, ತಾಲ್ಲೂಕು ಕೇಂದ್ರಕ್ಕೆ ಬಸ್ಸು, ಒಂದು ದಿನದ ಕೂಲಿ. ಒಂದು ಕಚೇರಿ ಒಪ್ಪಿದ ಪ್ರಮಾಣಪತ್ರವನ್ನು ಇನ್ನೊಂದು ಕಚೇರಿ ಒಪ್ಪಲೇಬೇಕೆಂದಿಲ್ಲ. ಆಧಾರ್‌ನಲ್ಲೇ ತಿದ್ದಿಸೋಣವೆಂದರೆ ಹೆಸರನ್ನು ಜೀವಮಾನದಲ್ಲಿ ಸಾಮಾನ್ಯವಾಗಿ ಎರಡು ಬಾರಿ ಮಾತ್ರ ಬದಲಿಸಬಹುದು. ಎರಡನೆಯ ಬಾರಿಯೂ ಟೈಪಿಸುವವನ ಕೈ ತಪ್ಪಿದರೆ ಪ್ರಾದೇಶಿಕ ಕಚೇರಿಯ ಮೊರೆಹೋಗಬೇಕು. ಗಂಡನ ಮನೆಗೆ ಬಂದ ಮೇಲೆ ಹೆಸರು ಬದಲಾದ, ಅಕ್ಷರ ಬಾರದ ಹೆಣ್ಣುಮಕ್ಕಳ ಪಾಡು ಇನ್ನೂ ಕಷ್ಟದ್ದು.

ಇಲ್ಲಿ ಒಂದು ನ್ಯಾಯವಾದ ಆಕ್ಷೇಪವಿದೆ. ಹೆಸರಿನ ತಾಳೆಯನ್ನು ಸಡಿಲಿಸಿದರೆ ಒಬ್ಬರ ಹಣ ಇನ್ನೊಬ್ಬರ ಪಾಲಾಗುವುದಿಲ್ಲವೇ? ಒಬ್ಬರ ಜಮೀನನ್ನು ಅದೇ ಹೆಸರಿನ ಇನ್ನೊಬ್ಬರು ಲಪಟಾಯಿಸುವುದಿಲ್ಲವೇ? ಆತಂಕ ಸಕಾರಣವಾದದ್ದು. ಭೂಮಿಯ ಕ್ರಯ, ದಾನ, ವಿಭಾಗಗಳಲ್ಲಿ ಎಷ್ಟು ಬಿಗಿಯಿದ್ದರೂ ಒಳ್ಳೆಯದೇ. ಆದರೆ 2,000 ರೂಪಾಯಿಯ ಕಂತಿಗೂ ಜಮೀನಿನ ಮಾರಾಟಕ್ಕೂ ಒಂದೇ ತಕ್ಕಡಿ ಹಿಡಿಯುವುದು ವಿವೇಕವಲ್ಲ. ಅಲ್ಲದೆ ಪಹಣಿಯಲ್ಲಿ ಹೆಸರೊಂದೇ ಇರುವುದಿಲ್ಲ. ಸರ್ವೆ ನಂಬರು, ಹಿಸ್ಸಾ, ವಿಸ್ತೀರ್ಣ, ತಂದೆಯ ಹೆಸರುಗಳಿವೆ. ಇಷ್ಟೆಲ್ಲ ಒಂದೇ ವ್ಯಕ್ತಿಯನ್ನು ತೋರುತ್ತಿರುವಾಗ ಒಂದು ‘ಎಚ್’ ಅಕ್ಷರಕ್ಕಾಗಿ ಅರ್ಜಿಯನ್ನು ತಳ್ಳಿಹಾಕುವುದನ್ನು ಎಚ್ಚರಿಕೆಯೆನ್ನಲಾಗದು, ಅದು ಸೋಮಾರಿತನ. ಆಧಾರ್ ದೃಢೀಕರಣದ ಆರಂಭದ ತಾಂತ್ರಿಕ ವಿವರಣೆಗಳಲ್ಲೇ ಭಾಗಶಃ ಹೊಂದಾಣಿಕೆಗೂ, ಸ್ಥಳೀಯ ಭಾಷೆಯಲ್ಲಿ ಹೆಸರು ತಾಳೆ ನೋಡುವುದಕ್ಕೂ ಅವಕಾಶ ಕಲ್ಪಿಸಲಾಗಿತ್ತು. ಅಂದರೆ ಇದು ತಂತ್ರಜ್ಞಾನಕ್ಕೆ ಅಸಾಧ್ಯವಾದ ಕೆಲಸವಲ್ಲ. ಆಗಬೇಕಾದದ್ದು ನೀತಿಯ ನಿರ್ಧಾರ.

ಸರ್ಕಾರ ಮಾಡಬೇಕಾದದ್ದು ನಾಲ್ಕು ಕೆಲಸಗಳು. ಮೊದಲನೆಯದು, ಕನ್ನಡ ಹೆಸರುಗಳನ್ನು ಇಂಗ್ಲಿಷ್ ಲಿಪಿಗೆ ತರುವ ಒಂದು ಅಧಿಕೃತ ಲಿಪ್ಯಂತರ ಕ್ರಮವನ್ನು ಪ್ರಕಟಿಸಿ, ಎಲ್ಲ ಇಲಾಖೆಗಳ ತಂತ್ರಾಂಶಗಳೂ ಅದನ್ನು ಬಳಸುವಂತೆ ಮಾಡುವುದು. ಎರಡನೆಯದು, ಪ್ರತಿ ದತ್ತಾಂಶದಲ್ಲಿ ಇನ್ನೊಂದು ಹೆಸರಿಗೊಂದು ಅಂಕಣ ತೆರೆಯುವುದು. ಅಂದರೆ ‘ಉರುಫ್’ ಪದವನ್ನು ಗಣಕಕ್ಕೆ ಕಲಿಸುವುದು. 2024ರಲ್ಲಿ ಪಹಣಿಗೆ ಆಧಾರ್ ಜೋಡಿಸುವ ಕಾರ್ಯವನ್ನು ಕಂದಾಯ ಇಲಾಖೆ ರಾಜ್ಯದಾದ್ಯಂತ ಕೈಗೊಂಡಿತು. ಅಂಥ ಪ್ರತಿಯೊಂದು ಅಭಿಯಾನವೂ ರೈತನ ಎರಡೂ ಹೆಸರುಗಳನ್ನು ಒಟ್ಟಿಗೆ ದಾಖಲಿಸುವ ಅವಕಾಶವೇ. ತೀರಿಹೋದ ತಂದೆ ತಾತಂದಿರ ಹೆಸರಿನಲ್ಲೇ ಉಳಿದಿರುವ ಪಹಣಿಗಳ ಪೌತಿ ಖಾತೆಯ ಪ್ರಶ್ನೆ ಬೇರೆ, ಬದುಕಿರುವವನ ಕಾಗುಣಿತದ ಪ್ರಶ್ನೆ ಬೇರೆ. ಮೊದಲನೆಯದಕ್ಕೆ ವಂಶವೃಕ್ಷ, ವಾರಸುದಾರರ ಒಪ್ಪಿಗೆ ಬೇಕು. ಎರಡನೆಯದಕ್ಕೆ ಮನುಷ್ಯನನ್ನು ಎದುರಿಗೆ ಕೂರಿಸಿ ಕೇಳಿದರೆ ಸಾಕು.

ಮೂರನೆಯದು ಎಲ್ಲಕ್ಕಿಂತ ಮುಖ್ಯ. ಹೆಸರಿನ ವ್ಯತ್ಯಾಸವೊಂದೇ ಕಾರಣವಾಗಿದ್ದಲ್ಲಿ ತಂತ್ರಾಂಶ ಅರ್ಜಿಯನ್ನು ತಿರಸ್ಕರಿಸಕೂಡದು. ಅದನ್ನು ಹೋಬಳಿಯ ನಾಡಕಚೇರಿಗೆ ಕಳಿಸಬೇಕು. ರೈತನ ಮುಖ ಬಲ್ಲ ಗ್ರಾಮ ಆಡಳಿತಾಧಿಕಾರಿ ‘ಇಬ್ಬರೂ ಒಬ್ಬರೇ’ ಎಂದು ದೃಢೀಕರಿಸಿದರೆ ಅದು ಎಲ್ಲ ಇಲಾಖೆಗಳಿಗೂ ಬ್ಯಾಂಕುಗಳಿಗೂ ಬದ್ಧವಾಗಬೇಕು. ಅದಕ್ಕೆ ಶುಲ್ಕವಿರಬಾರದು, ಕಾಲಮಿತಿ ಇರಬೇಕು. 2012ರಿಂದ ಜಾರಿಯಲ್ಲಿರುವ ಸಕಾಲ ಕಾಯ್ದೆ ಇಂಥ ಕೆಲಸಕ್ಕೆಂದೇ ಇದೆ. ನಾಲ್ಕನೆಯದು, ಹೆಸರಿನ ಕಾರಣಕ್ಕೆ ಎಷ್ಟು ಮಂದಿಯ ಹಣ ನಿಂತಿದೆಯೆಂಬ ಲೆಕ್ಕವನ್ನು, ಯಾರ ಹೆಸರನ್ನೂ ಬಯಲು ಮಾಡದೆ, ಹೋಬಳಿವಾರು ಪ್ರಕಟಿಸಬೇಕು. ತನ್ನ ತೀರ್ಮಾನದ ಕಾರಣವನ್ನು ಅದರಿಂದ ಬಾಧಿತನಾದವನಿಗೆ ತಿಳಿಸಬೇಕೆಂದು 2005ರ ಮಾಹಿತಿ ಹಕ್ಕು ಕಾಯ್ದೆಯ 4ನೇ ಸೆಕ್ಷನ್ ಹೇಳುತ್ತದೆ. ‘ಸಿಸ್ಟಮ್ ತೆಗೆದುಕೊಳ್ಳುತ್ತಿಲ್ಲ’ ಎಂಬುದು ಕಾರಣವಲ್ಲ.

ತಂತ್ರಾಂಶದ ರಾಜಧಾನಿಯೆಂದು ನಾವು ಬೆಂಗಳೂರನ್ನು ಹೊಗಳಿಕೊಳ್ಳುತ್ತೇವೆ. ಜಗತ್ತಿನ ದೊಡ್ಡ ದೊಡ್ಡ ಕಂಪನಿಗಳ ಲೆಕ್ಕಪತ್ರ ನೋಡಿಕೊಳ್ಳುವ ಎಂಜಿನಿಯರುಗಳು ಇರುವ ರಾಜ್ಯಕ್ಕೆ ಮಾದಪ್ಪನೂ ಮಹದೇವಪ್ಪನೂ ಒಬ್ಬರೇ ಎಂಬುದನ್ನು ಗಣಕಕ್ಕೆ ತಿಳಿಹೇಳುವುದು ಕಷ್ಟದ ಕೆಲಸವಾಗಬಾರದು. ತಂತ್ರಾಂಶಕ್ಕೆ ಹೊಂದುವಂತೆ ಜನರ ಹೆಸರನ್ನು ತಿದ್ದಲು ಹೊರಡುವುದು ಚಪ್ಪಲಿಗೆ ಹೊಂದುವಂತೆ ಕಾಲನ್ನು ಕತ್ತರಿಸಿದ ಹಾಗೆ. ಹೆಸರು ಜನರ ಸ್ವತ್ತು, ತಂತ್ರಾಂಶ ಸರ್ಕಾರದ ಸ್ವತ್ತು. ತಾಳೆಯಾಗದಿದ್ದಾಗ ತಿದ್ದಿಕೊಳ್ಳಬೇಕಾದದ್ದು ಸರ್ಕಾರವೇ.